ಹುಳದೆಣ್ಣೆ ಕುಡಿದ ಮನೆಗಾಡಿ

ಹಳಸಿದ ಸಾರನ್ನು ದ್ಯಾವಪ್ಪ ಮಾವನಷ್ಟು ಅಕ್ಕರೆಯಿಂದ ಉಂಡ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಒಂದು ಮಧ್ಯಾಹ್ನ ಹೇಳದೆ ಕೇಳದೆ ನಮ್ಮ ಮನೆಗೆ ಬಂದವರು, ಹಸುವಿನ ಕಲಗಚ್ಚಿಗೆ ಸುರಿಯಲೆಂದು ನಾನು ಹಿತ್ತಲ ಕಟ್ಟೆಯ ಮೇಲೆ ಇಟ್ಟಿದ್ದ ಅವರೆಕಾಳಿನ ಸಾರನ್ನು ತಾವೇ ತಟ್ಟೆಗೆ ಬಗ್ಗಿಸಿಕೊಂಡು ಮುದ್ದೆ ಅದ್ದಿ ಅದ್ದಿ ನುಂಗುತ್ತಿದ್ದರು. ಸಾರಿನ ಮೇಲೆ ನೊರೆ ಕಟ್ಟಿತ್ತು. ಪಾತ್ರೆಯ ಹತ್ತಿರ ಹೋದರೆ ಅದು ಸಣ್ಣಗೆ ಗುಳುಗುಟ್ಟುವುದು ಕೇಳಿಸುತ್ತಿತ್ತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಬೇಡ ಮಾವ, ಬಿಡಿ ಎಂದೆ. "ಹುಣಸೇಹಣ್ಣು ಒಂಚೂರು ಮುಂದಾಗೈತೆ ಅಷ್ಟೇ ಕಣಮ್ಮ" ಎಂದು ಬೆರಳು ನೆಕ್ಕಿಕೊಂಡರು. ಆ ಹೊತ್ತು ನನಗೆ ಊಟ ಸೇರಲಿಲ್ಲ. ಅವರಿಗೆ ಏನೂ ಆಗಲಿಲ್ಲ.

ಮಾವನಿಗೆ ವಾಸನೆ ತಿಳಿಯುತ್ತಿರಲಿಲ್ಲ. ಮುಖದ ನಡುವೆ ನೆಟ್ಟಗೆ, ಲಕ್ಷಣವಾದ ಮೂಗೇನೋ ಇತ್ತು, ಕೆಲಸಕ್ಕೆ ಮಾತ್ರ ಬರುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಅವರದು ರೇಷ್ಮೆನೂಲು ತೆಗೆಯುವ ಫಿಲೇಚರ್. ಗೂಡನ್ನು ಕುದಿಯುವ ನೀರಿಗೆ ಹಾಕಿ ಎಳೆ ಬಿಚ್ಚಿಕೊಂಡರೆ ಕೊನೆಗೆ ಉಳಿಯುವುದು ಒಳಗಿನ ಸತ್ತ ಹುಳ. ಆ ಹುಳದ ರಾಶಿಯ ವಾಸನೆ ಇಂಥದೇ ಎಂದು ಹೇಳುವುದು ಕಷ್ಟ. ಕೊಳೆತ ಮೀನು, ಸುಟ್ಟ ಕೂದಲು, ಕಮಟು ಹಿಡಿದ ತುಪ್ಪ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ಬಿಸಿಲಲ್ಲಿ ಮುಚ್ಚಿಟ್ಟರೆ ಹತ್ತಿರ ಹತ್ತಿರ ಬರಬಹುದು. ನಮ್ಮ ಊರಿನ ಚರಂಡಿ, ಗಾಳಿ, ಮದುವೆ ಮನೆಯ ಚಪ್ಪರ ಎಲ್ಲದರಲ್ಲೂ ಅದು ಒಂದಿಷ್ಟು ಇದ್ದೇ ಇರುತ್ತದೆ. ಬಸ್ಸಿನಲ್ಲಿ ತೂಕಡಿಸುತ್ತಿದ್ದವರೂ ಊರು ಹತ್ತಿರವಾದದ್ದನ್ನು ಕಣ್ಣು ಬಿಡದೆ ತಿಳಿದುಕೊಳ್ಳುತ್ತಾರೆ. ಮಾವ ಆ ಹಬೆಯ ಮುಂದೆ ಹುಡುಗಪ್ರಾಯದಿಂದ ನಿಂತವರು. ಯಾವತ್ತು ಮೂಗು ಹೋಯಿತೆಂದು ಅವರಿಗೇ ಗೊತ್ತಿರಲಿಲ್ಲ, ಹೋದದ್ದರ ದುಃಖವೂ ಇರಲಿಲ್ಲ. ಯಾರಾದರೂ ಮೂಗು ಮುಚ್ಚಿಕೊಂಡರೆ, "ವಾಸ್ನೆ ಅನ್ನೋದು ಮೂಗಿನ ಕಾಯ್ಲೆ ಕಣಪ್ಪ, ವಸ್ತುಂದಲ್ಲ" ಎಂದು ತಾವೇ ವೈದ್ಯರಂತೆ ತೀರ್ಪು ಕೊಡುತ್ತಿದ್ದರು.

ದೇವರು ಇಂಥವರಿಗೆ ನಮ್ಮ ರತ್ನತ್ತೆಯನ್ನು ಗಂಟು ಹಾಕಿದ. ರತ್ನತ್ತೆ ನನ್ನ ತಂದೆಯ ತಂಗಿ. ನಮ್ಮ ವಂಶದಲ್ಲಿ ಎಲ್ಲರಿಗೂ ಮೂಗು ಚುರುಕು, ಅವಳದು ಅತಿ. ಎದುರುಮನೆಯಲ್ಲಿ ಹಾಲು ಒಡೆದರೆ ಇವಳು ತನ್ನ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಅತ್ತೆಯ ಸಂಸಾರದ ಮೊದಲ ಕಾನೂನೆಂದರೆ ಫಿಲೇಚರಿನಿಂದ ಬಂದ ಗಂಡ ಬೀದಿ ಬಾಗಿಲಿಂದ ಒಳಗೆ ಬರಕೂಡದು. ಸಂದಿಯಲ್ಲಿ ಹಿತ್ತಲಿಗೆ ಹೋಗಿ, ಪಂಚೆ ಅಂಗಿ ಅಲ್ಲೇ ಕಳಚಿ, ಹಂಡೆಯ ನೀರು ಹುಯ್ದುಕೊಂಡು, ಸೀಗೆಪುಡಿ ಉಜ್ಜಿಕೊಂಡು ಬಂದರೆ ಮನುಷ್ಯ, ಇಲ್ಲದಿದ್ದರೆ ಇಲ್ಲ. ಮಾವ ಈ ಕಾನೂನನ್ನು ಒಂದು ದಿನವೂ ಮೀರಿದವರಲ್ಲ, ಒಂದು ದಿನವೂ ಒಪ್ಪಿದವರಲ್ಲ.

ನನ್ನ ಪಾಲಿಗೆ ಆ ಹುಳದ ಪೆಟ್ಟು ಬಿದ್ದದ್ದು ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ. ಅವರು ಬೆಂಗಳೂರಿನವರು, ಊರು ಹೊಕ್ಕಾಗಿನಿಂದಲೇ ಕರವಸ್ತ್ರ ಹಿಡಿದು ಕೂತಿದ್ದರು. ಮಾವ ತಡವಾಯಿತೆಂದು ಕೆಲಸದ ಪಂಚೆಯಲ್ಲೇ ಓಡಿಬಂದು, ಎತ್ತಿ ಕಟ್ಟಿದ್ದ ಪಂಚೆಯನ್ನು ಮರ್ಯಾದೆಗೆಂದು ಇಳಿಬಿಟ್ಟರು. ಮಡಿಕೆಯೊಳಗೆ ಸಿಕ್ಕಿಕೊಂಡಿದ್ದ ಒಂದು ಸತ್ತ ಹುಳ ಸಿಡಿದು ಗಂಡಿನ ಚಿಕ್ಕಮ್ಮನ ತಟ್ಟೆಯ ಖಾರಾಬೂಂದಿಯಲ್ಲಿ ಬಿತ್ತು. ಆಕೆ ಕಡಲೇಬೀಜವೆಂದುಕೊಂಡು ಅದನ್ನೇ ಎತ್ತಿ ಬಾಯಿಗಿಟ್ಟು ಕಡಿದರು. ಮಾವ ಸುಮ್ಮನಿದ್ದಿದ್ದರೆ ಆಕೆ ಹಳೇ ಬೀಜವೆಂದು ನುಂಗಿ ಬಿಡುತ್ತಿದ್ದರೋ ಏನೋ. ಅವರು ಸಮಾಧಾನ ಮಾಡಲು ಹೋದರು: "ಹೆದರ್ಕೋಬೇಡಿ ತಾಯಿ, ಏಮೀ ಕಾದು, ಏನೂ ಆಗಾಕಿಲ್ಲ. ಅದ್ರಾಗೆ ಒಳ್ಳೇ ಸತ್ವ ಐತೆ, ಕೋಳಿಗೆಲ್ಲ ಹಾಕ್ತಾರೆ." ಆಕೆ ಕಾರಿಕೊಂಡದ್ದು ನಮ್ಮ ತುಳಸಿಕಟ್ಟೆಯ ಬುಡದಲ್ಲಿ. ಸಂಬಂಧ ಅಲ್ಲಿಗೇ ಮುರಿಯಿತು. ಆಮೇಲೆ ನನ್ನನ್ನು ಕಟ್ಟಿಕೊಂಡವರು ಇದೇ ಊರಿನವರು, ಹುಳ ಕಂಡರೆ ಅವರಿಗೆ ಏನೂ ಅನ್ನಿಸುವುದಿಲ್ಲ. ಹುಳ ಜಗಿದ ಆ ಚಿಕ್ಕಮ್ಮನ ಮುಖ ನೆನಪಾದರೆ ನನಗೆ ಇವತ್ತಿಗೂ ಖಾರಾಬೂಂದಿ ತಿನ್ನಲಾಗುವುದಿಲ್ಲ.

ದೊಡ್ಡ ದೊಡ್ಡ ಯಂತ್ರಗಳು ಬಂದು ಸಣ್ಣ ಫಿಲೇಚರುಗಳಿಗೆ ಗೂಡು ಸಿಕ್ಕುವುದೇ ಕಷ್ಟವಾದಾಗ ಮಾವ ಬಾಗಿಲು ಹಾಕಿದರು. ಶೆಡ್ಡು ಖಾಲಿಯಾಯಿತು. ಮನೆಯಲ್ಲಿ ಕೂತ ಮನುಷ್ಯನಿಗೆ ಆಗ ಒಂದು ಹಳೆಯ ಮಾತು ನೆನಪಾಯಿತು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಸಮುದ್ರ ತೋರಿಸುತ್ತೇನೆಂದಿದ್ದರಂತೆ. ತೋರಿಸದೆ ಇದ್ದದ್ದಕ್ಕೆ ಕಾರಣ ದುಡಿಮೆಯಲ್ಲ, ಪಾಯಿಖಾನೆ. ಅತ್ತೆ ತನ್ನ ಮನೆಯದನ್ನು ಬಿಟ್ಟು ಬೇರೆ ಎಲ್ಲಿಯೂ ಕಾಲಿಡುತ್ತಿರಲಿಲ್ಲ. ಚಿಂತಾಮಣಿಯಲ್ಲಿ ಮದುವೆಯಿದ್ದರೆ ಬೆಳಗಿನಿಂದ ನೀರು ಕುಡಿಯದೆ ಹೋಗಿ, ಧಾರೆ ಆಗುತ್ತಲೇ ಅಕ್ಷತೆ ಹಾಕಿ ಬಸ್ಸು ಹತ್ತುತ್ತಿದ್ದಳು. ಅವಳ ಪ್ರಪಂಚ ಅಷ್ಟು ಹೊತ್ತು ತಡೆದುಕೊಳ್ಳಬಹುದಾದ ದೂರದಲ್ಲೇ ಮುಗಿದಿತ್ತು. ಮಾವ ಸಮುದ್ರದ ಮಾತು ಮತ್ತೆ ತೆಗೆದಾಗ, ನಮ್ಮ ಪಾಯಿಖಾನೆಯೇ ನನ್ನ ಹಿಂದೆ ಬರುವುದಾದರೆ ನಾನೂ ಬರುತ್ತೇನೆ ಎಂದುಬಿಟ್ಟಳು. ಮಾವ ಆ ಮಾತನ್ನು ಹಾಗೆಯೇ ನಂಬಿದರು.

ನಂದಿಯ ಬಳಿ ದ್ರಾಕ್ಷಿ ತೋಟದ ಪಕ್ಕ ಒಂದು ರೆಸಾರ್ಟಿನವರು ಬಿಟ್ಟುಹೋಗಿದ್ದ ಕ್ಯಾರವಾನ್ ನಿಂತಿತ್ತು. ಮಿನಿಬಸ್ಸಿನೊಳಗೆ ಎರಡು ಮಂಚ, ಒಂದು ಒಲೆ, ಮೂಲೆಯಲ್ಲಿ ಬಾಗಿಲು ಚಿಲಕ ಸಮೇತ ಪಾಯಿಖಾನೆ. ಮಾವ ಅದನ್ನು ಕೊಂಡು, ಎಂಜಿನ್ ಸರಿಮಾಡಿಸಿ, ಮನೆಗಾಡಿ ಎಂದು ಹೆಸರಿಟ್ಟು ತಂದು ಬಾಗಿಲಲ್ಲಿ ನಿಲ್ಲಿಸಿದರು. ಒಂದು ಕಾಲಕ್ಕೆ ಅದು ಕಡುನೀಲಿ. ಬಿಸಿಲಿಗೆ ನಿಂತು ನಿಂತು ಬಣ್ಣ ಬೂದಿಯಾಗಿತ್ತು. ತೋಟದ ಕಡೆಯ ಮೈಗೆ ದ್ರಾಕ್ಷಿಗೆ ಹೊಡೆದ ಔಷಧಿಯೆಲ್ಲ ಎರಚಿ ಚುಕ್ಕೆ ಚುಕ್ಕೆಯಾಗಿ ಕಚ್ಚಿಕೊಂಡಿತ್ತು. ಅತ್ತೆ ಹತ್ತಿರ ಬಂದು ಒಂದು ಬೆರಳಿಂದ ಸವರಿದಳು. ಬೆರಳಿಗೆ ನೀಲಿ ಹಿಟ್ಟು ಮೆತ್ತಿಕೊಂಡಿತು. ಸೆರಗಿಗೂ ತಾಗಿತು. "ಹೊರಗಡೇನೇ ಹಿಂಗಿದ್ರೆ ಒಳಗಡೆ ಪಾಯಿಖಾನೆ ಹೆಂಗಿರಬೇಕು? ನಾನು ಹತ್ತಲ್ಲ" ಎಂದು ಕೈ ತೊಳೆಯಲು ಹೋದಳು. ಒಳಗೆ ಮಾವ ತಮ್ಮ ಕೈಯಾರೆ ಫಿನಾಯಿಲ್ ಹಾಕಿ ಉಜ್ಜಿದ್ದರು. ಅದನ್ನು ನೋಡಲೂ ಅವಳು ಒಪ್ಪಲಿಲ್ಲ.

ಅಂದಿನಿಂದ ಮಾವನಿಗೆ ಆ ಬಣ್ಣದ್ದೇ ಧ್ಯಾನ. ಚಿಂತಾಮಣಿಯಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವ ಷಫಿಯ ಹತ್ತಿರ ಗಾಡಿ ಒಯ್ದರು, ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದರು. ಎಲ್ಲಾ ಕೆರೆದು, ಪುಟ್ಟಿ ತುಂಬಿ, ಪ್ರೈಮರಿನ ಅಡಿಬಣ್ಣ ಹೊಡೆದು ಹೊಸದಾಗಿಯೇ ಬಣ್ಣ ಹಾಕಬೇಕು, ಅವಸರ ಮಾಡಬೇಡಿ ಎಂದು ಷಫಿ ಹೇಳಿದ. ಮಾವನಿಗೆ ಅದು ರುಚಿಸಲಿಲ್ಲ. ಮೊಬೈಲಿನಲ್ಲಿ ಯಾರೋ ಬಿಳಿಯ ಮನುಷ್ಯ ಇಂಥದೇ ಗಾಡಿಗೆ ಏನೋ ಸವರಿ ಕನ್ನಡಿಯ ಹಾಗೆ ಮಾಡಿದ ವಿಡಿಯೊ ನೋಡಿಕೊಂಡು ಬಂದಿದ್ದರು. "ಬಣ್ಣ ಸತ್ತಿಲ್ಲ ಕಣಯ್ಯ, ಬಾಯಾರೈತೆ. ಎಣ್ಣೆ ಕುಡಿಸಿದ್ರೆ ತಾನೇ ಏಳ್ತದೆ" ಎಂದರು. ಎಣ್ಣೆ ಹಚ್ಚಿದರೆ ನಾಲ್ಕು ದಿನ ಮಿನುಗಿ ಆಮೇಲೆ ಕೆಡುತ್ತದೆ, ಅದರ ಮೇಲೆ ಬಣ್ಣವೂ ಹಿಡಿಯುವುದಿಲ್ಲ ಎಂದು ಷಫಿ ಗೋಗರೆದ. ಬರುವಾಗ ದಾರಿಯುದ್ದಕ್ಕೂ ಮಾವ ನನ್ನೊಂದಿಗೆ ಷಫಿಯ ಸೋಮಾರಿತನದ ವಿಚಾರ ಮಾತಾಡಿದರು.

ಮೊದಲು ಒಂದು ಬಾಗಿಲಿಗೆ ಕಡಲೆಕಾಯಿ ಎಣ್ಣೆ ಹಚ್ಚಿದರು. ನೀಲಿ ಎದ್ದಿತು, ಬೆಳಗಾಗುವಷ್ಟರಲ್ಲಿ ಇರುವೆಯೂ ಸಾಲುಗಟ್ಟಿ ಎದ್ದಿತು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿ ಬಾಗಿಲ ಮೇಲೆ ಬಿಳಿ ಕೀವಿನ ಹಾಗೆ ನಿಂತಿತು. ಅದನ್ನು ನೋಡಿ ನಾನು ಒಂದು ವಾರ ತಲೆಗೆ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ಮಾವ ಗಾಡಿಯನ್ನು ತಮ್ಮ ಖಾಲಿ ಶೆಡ್ಡಿಗೆ ಹಾಕಿ ಬಾಗಿಲು ಎಳೆದುಕೊಂಡರು. ಯಾರೂ ಬರಬೇಡಿ, ಆದಮೇಲೆ ಕರೆಯುತ್ತೇನೆ ಎಂದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಡಿ ಮನೆ ಮುಂದೆ ಬಂತು. ಸುಳ್ಳು ಹೇಳಬಾರದು, ನೋಡುವ ಹಾಗಿತ್ತು. ಕಡುನೀಲಿ ಮೈ ಫಳಫಳ ಹೊಳೆಯುತ್ತಿತ್ತು, ಅತ್ತೆ ಮನೆಯ ರಂಗೋಲಿ ಅದರಲ್ಲಿ ಕಾಣಿಸುತ್ತಿತ್ತು. ಅತ್ತೆ ಕರ್ಚೀಫಿನಿಂದ ಒಂದು ಕಡೆ ಒರೆಸಿ ನೋಡಿದಳು. ಹಿಟ್ಟು ಬರಲಿಲ್ಲ. ಒಳಗೆ ಹೋಗಿ ಪಾಯಿಖಾನೆಯ ಬಾಗಿಲು ತೆಗೆದು ಬಗ್ಗಿ ನೋಡಿದಳು. ಸೂಟ್‌ಕೇಸು ತರಲು ಮನೆಯೊಳಗೆ ಹೋದಳು. ಮಾವ ನನ್ನ ಕಡೆ ನೋಡಿ ಮೀಸೆ ತಿರುವಿದರು. ಊದುಬತ್ತಿ, ಕರ್ಪೂರ, ಚೆಂಡುಹೂವಿನ ಹಾರ ಎಲ್ಲಾ ಆಯಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಡ್ರೈವರ್ ನಾಗರಾಜ ಗಾಡಿ ಬಿಟ್ಟ. ಅತ್ತೆಗೆ ಜೊತೆಯಾಗಿ ನಾನೂ ಹೊರಟಿದ್ದೆ.

ಊರು ದಾಟಿದೆವು. ವಾಸನೆ ದಾಟಲಿಲ್ಲ. ನಮ್ಮೂರಿನಲ್ಲಿ ಅದು ಇದ್ದೇ ಇರುವುದರಿಂದ ನಮ್ಮ ಎರಡು ಚುರುಕು ಮೂಗಿಗೂ ಮೊದಲು ಅನುಮಾನ ಬಂದಿರಲಿಲ್ಲ. ಚಿಕ್ಕಬಳ್ಳಾಪುರ ಬರುವ ಹೊತ್ತಿಗೆ ಅತ್ತೆ ಕಿಟಕಿಯಿಂದ ಹಿಂದಕ್ಕೆ ನೋಡಿ, ಇನ್ನೂ ನಮ್ಮೂರು ಮುಗಿಯಲಿಲ್ಲವಾ ಎಂದು ಕೇಳಿದಳು. ಬಿಸಿಲೇರಿತು. ಗಾಡಿಯ ತಗಡು ಕಾದಂತೆ ವಾಸನೆ ಕುದಿಯತೊಡಗಿತು. ಕಿಟಕಿ ಮುಚ್ಚಿದರೆ ಉಸಿರು ಕಟ್ಟುತ್ತದೆ, ತೆರೆದರೆ ನೊಣ. ಗೌರಿಬಿದನೂರು ದಾಟಿ ಕುಡುಮಲಕುಂಟೆಯ ಕಾರ್ಖಾನೆಗಳ ಹತ್ತಿರ ಡೀಸೆಲ್ಲಿಗೆ ನಿಲ್ಲಿಸಿದಾಗ ಎಲ್ಲಿಂದಲೋ ನಾಯಿಗಳು ಬಂದು ಗಾಡಿಯ ಮೈ ನೆಕ್ಕತೊಡಗಿದವು. ಪಾಳಿ ಬಿಟ್ಟು ಬರುತ್ತಿದ್ದ ಕೆಲಸಗಾರರು ಮೂಗು ಮುಚ್ಚಿಕೊಂಡು, ಯಾವ ಕಾರ್ಖಾನೆಯಲ್ಲಿ ಏನು ಸೋರಿತೋ ಎಂದು ಗಾಬರಿಯಿಂದ ಅತ್ತಿತ್ತ ನೋಡಿದರು. ಒಬ್ಬ ನಮ್ಮ ಹತ್ತಿರ ಬಂದು, ಒಳಗೆ ಹೆಣವೇನಾದರೂ ಇದೆಯಾ ಎಂದು ಮೆಲ್ಲಗೆ ನಾಗರಾಜನನ್ನು ಕೇಳಿದ.

ಏನು ಹಚ್ಚಿದಿರಿ ಎಂದು ನಾನು ಮಾವನನ್ನು ಕೇಳಿದೆ. ಅವರು ಹೆಮ್ಮೆಯಿಂದಲೇ ಹೇಳಿದರು. ಸಾದಲಿ ಕಡೆ ಹುಳ ಒಣಗಿಸಿ ಎಣ್ಣೆ ಹಿಂಡುವ ಪರಿಚಯದವನೊಬ್ಬನಿಂದ ಡಬ್ಬಗಟ್ಟಲೆ ಹುಳದೆಣ್ಣೆ ತಂದು ಎರಡೆರಡು ಸಲ ಉಜ್ಜಿದ್ದರಂತೆ. ಹಳೇ ಕಾಲದಲ್ಲಿ ಅದರಿಂದ ಎತ್ತಿನ ಗಾಡಿಯ ಮೂಕಿಮರ ಉಜ್ಜಿದರೆ ಹೇಗೆ ಮಿಂಚುತ್ತಿತ್ತು ಗೊತ್ತೇನಮ್ಮ ಎಂದು ನನಗೇ ಪಾಠ ಹೇಳಿದರು. ಆ ಬಿಸಿಲಲ್ಲಿ, ನಾಯಿಗಳ ನಡುವೆ, ಎಣ್ಣೆ ಜಿನುಗುವ ಆ ಗಾಡಿಗೆ ಒರಗಿ ನಿಂತು ನಗುತ್ತಿದ್ದ ಅವರನ್ನು ಕಂಡು ನನಗೆ ಕನಿಕರ ಬರಲಿಲ್ಲ, ಶುದ್ಧ ಅಸಹ್ಯ ಬಂತು. ಅಷ್ಟರಲ್ಲಿ ಅತ್ತೆ ಗಾಡಿಯಿಂದ ಇಳಿದು ರಸ್ತೆ ಬದಿಯಲ್ಲಿ ಕಾರಿಕೊಂಡಳು. ಬಾಯಿ ಒರೆಸಿಕೊಂಡು, ಸೂಟ್‌ಕೇಸು ಎತ್ತಿಕೊಂಡು, ಬಸ್ಸು ಎಲ್ಲಿ ಸಿಗುತ್ತದೆಂದು ಕೆಲಸಗಾರರನ್ನು ಕೇಳಿದಳು.

ನಾನೂ ಅವಳೊಂದಿಗೆ ಬಸ್ಸು ಹತ್ತಿದೆ. ಮಂಚೇನಹಳ್ಳಿ ದಾಟಿದ ಮೇಲೆ ನನ್ನ ಕಡೆ ತಿರುಗಿದಳು. "ಇಷ್ಟು ವರ್ಷ ಹಿತ್ಲಾಗೇ ನಿಲ್ಸಿದ್ದ ವಾಸ್ನೇನ ನನ್ನ ಗಾಡಿಗೇ ಬಳ್ದು ತಂದವ್ರಲ್ಲೇ ಶೈಲಾ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮನೆಗೆ ಬಂದ ಮೇಲೆ ಮಾವನೊಂದಿಗೆ ಮಾತು ನಿಲ್ಲಿಸಿದಳು. ತಟ್ಟೆ ಇಡುತ್ತಿದ್ದಳು, ಹಂಡೆಗೆ ಉರಿ ಹಾಕುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ.

ಮಾವ ಗಾಡಿ ತೊಳೆಯಲು ನಿಂತರು. ಸೋಪಿನ ಪುಡಿ, ಸೀಗೆಪುಡಿ, ನಿಂಬೆಹಣ್ಣು, ಸೀಮೆಎಣ್ಣೆ, ಏನು ಹಾಕಿ ಉಜ್ಜಿದರೂ ಒಂದು ಬಿಸಿಲು ಬಿದ್ದರೆ ಮತ್ತೆ ಅದೇ. ಬೂದಿಯಾದ ಬಣ್ಣ ನಿಜವಾಗಿಯೂ ಬಾಯಾರಿತ್ತು, ಎಣ್ಣೆಯನ್ನು ತಳದವರೆಗೂ ಕುಡಿದುಬಿಟ್ಟಿತ್ತು. ಷಫಿಯ ಹತ್ತಿರ ಒಯ್ದರೆ ಅವನು ಗೇಟಿನಲ್ಲೇ ತಡೆದ. ಒಳಗೆ ಬಿಟ್ಟರೆ ಬೇರೆ ಗಿರಾಕಿಗಳು ಗಾಡಿ ಎತ್ತಿಕೊಂಡು ಹೋಗುತ್ತಾರೆ, ಈ ವಾಸನೆ ತೆಗೆದುಕೊಂಡು ಬಾ ದ್ಯಾವಣ್ಣ, ಆಮೇಲೆ ಪ್ರೈಮರ್ ಹೊಡೆಯುತ್ತೇನೆ ಎಂದ. ಮಾವ ಗಾಡಿ ತಿರುಗಿಸಿಕೊಂಡು ಬಂದರು. ಅವರು ಎದುರಾಡದೆ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಶೆಡ್ಡಿನಲ್ಲಿ ಒಬ್ಬರೇ ಕೂತು ಉಪ್ಪುಕಾಗದ ಹಿಡಿದು ಕೆರೆಯತೊಡಗಿದರು. ನಾನು ಚಿಕ್ಕಬಳ್ಳಾಪುರದಲ್ಲಿ ನನ್ನ ನೌಕರಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಲ್ಲಿ ಇಳಿದು ಇಣುಕುತ್ತಿದ್ದೆ. ಮೈಯೆಲ್ಲ ನೀಲಿ ಧೂಳು, ಅದಕ್ಕೆ ಹುಳದೆಣ್ಣೆ ಸೇರಿ ಜಿಡ್ಡು, ರೆಪ್ಪೆಯಲ್ಲೂ ಅದೇ. ಅಷ್ಟು ಹೊಲಸಾದ ಮನುಷ್ಯನನ್ನು ನಾನು ನೋಡಿರಲಿಲ್ಲ. ಒಂದಿಷ್ಟು ಜಾಗ ತಗಡು ಕಾಣುವವರೆಗೆ ಕೆರೆದು, "ಬಾಮ್ಮ, ಮೂಸಿ ಹೇಳು, ಇನ್ನಾ ಐತಾ?" ಎನ್ನುತ್ತಿದ್ದರು. ತಮ್ಮ ಮೂಗಿನಿಂದ ಆಗದ್ದಕ್ಕೆ ನನ್ನ ಮೂಗು ಬೇಕಾಗಿತ್ತು. ನಾನು ಬಗ್ಗಿ ಮೂಸಿ, ಇದೆ ಮಾವ ಎನ್ನುತ್ತಿದ್ದೆ. ಮತ್ತೆ ಕೆರೆಯುತ್ತಿದ್ದರು. ವಾಸನೆ ಮೂಗಿನ ಕಾಯಿಲೆ ಎಂಬ ಮಾತನ್ನು ಆ ದಿನಗಳಲ್ಲಿ ಒಮ್ಮೆಯೂ ಆಡಲಿಲ್ಲ.

ಈ ಸುದ್ದಿ ನಾನೇ ಅತ್ತೆಗೆ ಮುಟ್ಟಿಸುತ್ತಿದ್ದೆ. ಅವಳು ಕೇಳಿಸಿಕೊಂಡದ್ದಕ್ಕೆ ಗುರುತು ತೋರಿಸುತ್ತಿರಲಿಲ್ಲ. ಶಿವರಾತ್ರಿಯಾದ ಮೇಲೆ ಒಂದು ಸಂಜೆ ನಾನು ಶೆಡ್ಡಿಗೆ ಹೋದರೆ ಅತ್ತೆ ನನಗಿಂತ ಮುಂಚೆ ಅಲ್ಲಿದ್ದಳು. ಮದುವೆಯಾದಾಗಿನಿಂದ ಆ ಶೆಡ್ಡಿನ ಹೊಸ್ತಿಲು ತುಳಿಯದವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಡಿಯ ಮೈಗೆ ಮೂಗು ತಾಗುವ ಹಾಗೆ ಬಗ್ಗಿ ಒಂದು ಕಡೆಯಿಂದ ಮೂಸುತ್ತಾ ಬರುತ್ತಿದ್ದಳು. ಮಾವ ಉಪ್ಪುಕಾಗದ ಹಿಡಿದು ಹಿಂದೆ ಹಿಂದೆ. ಹಿಂಬಾಗಿಲ ಹತ್ತಿರ ನಿಂತು, "ಇಲ್ಲೈತೆ" ಎಂದಳು. ಅಷ್ಟು ದಿನಕ್ಕೆ ಗಂಡನೊಂದಿಗೆ ಆಡಿದ ಮೊದಲ ಮಾತು ಅದು. ಮಾವ ಅಲ್ಲಿ ಕೆರೆದರು. ಮತ್ತೆ ಮೂಸಿದಳು. "ಈ ಸಂದಿನಾಗೆ." ಅಲ್ಲೂ ಕೆರೆದರು. ಹಾಗೆಯೇ ಗಾಡಿಯ ಸುತ್ತ ಬಂದರು, ದಿನಕ್ಕಿಷ್ಟು ಎಂದು ಮುಂದಿನ ಸಂಜೆಗಳಲ್ಲೂ ಬಂದರು. ಅತ್ತೆ ಆಗಾಗ ಬಾಗಿಲ ಹೊರಗೆ ಓಡಿ ಉಗಿದು ಬರುತ್ತಿದ್ದಳು, ಮತ್ತೆ ಬಗ್ಗುತ್ತಿದ್ದಳು.

ಕೊನೆಗೆ ಷಫಿ ಪ್ರೈಮರ್ ಹೊಡೆದುಕೊಟ್ಟ. ಗಾಡಿ ಎಮ್ಮೆಯ ಬಣ್ಣಕ್ಕೆ ತಿರುಗಿತು. ಮೇಲಿನ ನೀಲಿಗೆ ಒಂದು ವಾರ ಬಿಟ್ಟು ಬನ್ನಿ ಎಂದಿದ್ದ. ನೋಡಲು ಇದ್ದ ರೂಪವೂ ಹೋಗಿತ್ತು. ಅತ್ತೆ ಬಂದು ಮೈ ಸವರಿ ಬೆರಳು ನೋಡಿಕೊಂಡಳು, ಮೂಸಿಕೊಂಡಳು. ಒಳಗೆ ಹತ್ತಿದಳು. ಪಾಯಿಖಾನೆಯ ಚಿಲಕ ಹಾಕಿದ ಸದ್ದಾಯಿತು. ನಾನು ಮಾವ ಇಬ್ಬರೂ ಬೀದಿಯಲ್ಲಿ ಏನೋ ಬೇರೆ ನೋಡುವವರ ಹಾಗೆ ನಿಂತೆವು. ನೀರು ಹರಿದ ಸದ್ದಾಯಿತು. ಅತ್ತೆ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ನಿಂತು, "ಬಣ್ಣ ಸಮುದ್ರ ನೋಡಿ ಬಂದ್ಮೇಲೆ ಹೊಡ್ಸಣ. ನಾಳೆ ಹೋಗಣ" ಎಂದಳು.

ನನಗೆ ಈ ಸಲ ರಜೆ ಸಿಕ್ಕಲಿಲ್ಲ. ಬೆಳಿಗ್ಗೆ ಹೋಗಿ ಕಳಿಸಿಕೊಟ್ಟೆ. ಮಾವ ನಾಗರಾಜನ ಪಕ್ಕ ಕೂರದೆ ಒಳಗೆ ಅತ್ತೆಯ ಎದುರು ಕೂತಿದ್ದರು. ಉಗುರ ಸಂದಿಯಲ್ಲಿ ನೀಲಿ ಇನ್ನೂ ಹೋಗಿರಲಿಲ್ಲ. ಬುತ್ತಿಯ ಮೊಸರನ್ನ ಕೆಟ್ಟಿದ್ದರೆ ತಿನ್ನಬೇಡಿ, ಅತ್ತೆಯನ್ನು ಕೇಳಿ ತಿನ್ನಿ ಎಂದು ಗದರಿದೆ. ಇನ್ನು ಮೇಲೆ ಎಲ್ಲಾ ಅವಳನ್ನು ಕೇಳಿಯೇ ಎಂದು ಕೈ ಬೀಸಿದರು. ಅವರ ಮಾತು ನಾನು ಕೇಳಿದ್ದು ಅದೇ ಕೊನೆ. ಸಮುದ್ರ ನೋಡಿ ತಿರುಗಿ ಬಂದ ಗಾಡಿಯಲ್ಲಿ ಮಾವ ಕೂತ ಹಾಗೆಯೇ ಇದ್ದರು, ಜೀವ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ, ದಾರಿಯಲ್ಲಿ ಹೇಗಿದ್ದರು ಎಂದು ಅತ್ತೆಯನ್ನು ಕೇಳಿದೆ. ಅವಳು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು.

"ಹೋಗ್ತಾ ಬರ್ತಾ ಅದೇ ಕೆಲ್ಸ ಕಣೇ. ಇಲ್ಲೇನು ವಾಸ್ನೆ, ಇಲ್ಲೇನು ವಾಸ್ನೆ ಅಂತ ಕೇಳೋರು. ಘಟ್ಟದ ಮೇಲೆ ಕಾಫಿ ಹೂ ಬಿಟ್ಟಿತ್ತು, ಹೇಳ್ದೆ. ಸಮುದ್ರದ ದಂಡೇಲಿ ಮೀನು ಒಣಗಾಕಿದ್ರು, ಮೂಗು ಮುಚ್ಕೊಂಡು ಅದೂ ಹೇಳ್ದೆ. ಹೂಂ ಅನ್ನೋರು, ನಗೋರು. ಬರ್ತಾ ನಮ್ಮೂರ ತಿರುವಿನಾಗೆ ಆ ಹಾಳು ಹುಳದ ವಾಸ್ನೆ ಮೂಗಿಗೆ ಹೊಡೀತು. ಅವ್ರು ಕೇಳೋಕ್ ಮುಂಚೆ ನಾನೇ ಹೇಳ್ದೆ, ಥೂ, ಊರು ಬಂತು ನೋಡ್ರಿ ಅಂತ. ಹೂಂ ಅನ್ಲಿಲ್ಲ ಕಣೇ."